ಸರಿಯಿದ್ದ ಕೈ

ಬೇಕರಿಯ ಬೆಂಚನ್ನು ಇಬ್ಬರು ಹಿಡಿದು ಒಳಗೆ ತರುತ್ತಿದ್ದಾಗ ಅದರ ಕಾಲು ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತು. ಓರೆ ಮಾಡಿ ಎಂದು ಹೇಳಲು ಎದ್ದುಬಂದ ಬೇಕರಿಯವನ ಹೆಂಡತಿ, ಬೆಂಚಿನ ಹಿಂದೆ ನಿಂತಿದ್ದವಳನ್ನು ಕಂಡು ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಗಂಡನ ಅಕ್ಕ ಬಂದಿದ್ದಳು. ಅವಳು ಆ ಬಾಗಿಲು ದಾಟದೆ ಎಷ್ಟೋ ವರ್ಷಗಳಾಗಿದ್ದವು.

ಬೇಕರಿ ಮುಂದೆ, ಮನೆ ಹಿಂದೆ, ನಡುವೆ ಅದೊಂದೇ ಬಾಗಿಲು. ಅಕ್ಕ ಇಷ್ಟು ಕಾಲವೂ ತಮ್ಮನನ್ನು ನೋಡಲು ಬರುತ್ತಿದ್ದದ್ದು ಬೇಕರಿಗೆ ಮಾತ್ರ. ಗಾಜಿನ ಕಪಾಟಿನ ಆಚೆ ಅವಳು, ಈಚೆ ಅವನು. ಗಂಟೆಗಟ್ಟಲೆ ಹರಟಿ, ಒಂದು ಬ್ರೆಡ್ಡು ಕಟ್ಟಿಸಿಕೊಂಡು, ಬಂದ ದಾರಿಯಲ್ಲೇ ಹೋಗಿಬಿಡುತ್ತಿದ್ದಳು. ತಮ್ಮನ ಹೆಂಡತಿಯ ಮುಖ ನೋಡಿದರೆ ರಕ್ತ ಕುದಿಯುತ್ತದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದವಳು. ಆದರೆ ತಮ್ಮ ನಿನ್ನೆ ಸಂಜೆ ಓವನ್ ಆರಿಸಿ ಕುರ್ಚಿಯಲ್ಲಿ ಕೂತವನು ಕೂತಲ್ಲೇ ಹೋಗಿಬಿಟ್ಟಿದ್ದ. ಇವತ್ತು ಅವನನ್ನು ನೋಡಬೇಕೆಂದರೆ ಒಳಗೆ ಬರಲೇಬೇಕಿತ್ತು.

ಅಕ್ಕ ಯಾರನ್ನೂ ಮಾತಾಡಿಸದೆ ಮಂಚದ ತಲೆಯ ಕಡೆ ಕೂತು ತಮ್ಮನ ಹಣೆಯ ಮೇಲೆ ಕೈಯಿಟ್ಟಳು. ಹೆಂಡತಿ ಕಾಲ ಕಡೆ ಕೂತಳು. ಅವರಿಬ್ಬರ ನಡುವೆ ಅವನು ಉದ್ದಕ್ಕೆ ಮಲಗಿದ್ದ. ಬದುಕಿದ್ದಾಗಲೂ ಪಾಪ, ಅವನಿಗೆ ಸಿಕ್ಕಿದ್ದು ಅದೇ ಜಾಗ.

ಸ್ವಲ್ಪ ಹೊತ್ತಿಗೆ ಬಸ್ ಡ್ರೈವರ್ ಬಂದ. ಡ್ರೈವರ್ ಎಂದು ಕರೆಯುವುದು ಹಳೆಯ ರೂಢಿಗೆ. ಸ್ಟ್ರೋಕ್ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅವನು ಸ್ಟೇರಿಂಗ್ ಮುಟ್ಟಿರಲಿಲ್ಲ. ಬೇಕರಿಯವನಿಗೂ ಅದೇ ಹೊತ್ತಿನಲ್ಲಿ, ಅದೇ ಬಲಗೈಗೆ ಹೊಡೆದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಶುರುವಾದ ಸ್ನೇಹ ನಿನ್ನೆಯವರೆಗೂ ನಡೆದಿತ್ತು.

"ಒಂದೇ ಬಸ್ ಹತ್ತಿದ್ವಿ. ಹೇಳದೇ ಕೇಳದೇ ಮುಂಚೆ ಇಳಿದುಬಿಟ್ಟ ನೋಡಿ," ಎಂದು ಕಣ್ಣೊರೆಸಿಕೊಂಡ. ಆಮೇಲೆ ಬೇಕರಿಯವನ ಹೆಂಡತಿಯ ಕಡೆ ಬಾಗಿ, ಆಸ್ಪತ್ರೆಯ ಫಿಸಿಯೋ ಮೇಡಂಗೆ ಫೋನ್ ಮಾಡಿದ್ದೇನೆ, ಹೊರಟಿದ್ದಾರಂತೆ, ಎಂದ.

ಹೆಂಡತಿ ಅಕ್ಕನ ಕಡೆ ತಿರುಗಿ ನೋಡಿದಳು. ಆ ಮೇಡಂ ಮತ್ತು ಈ ಅಕ್ಕ ಒಂದೇ ಕೋಣೆಯಲ್ಲಿ ಕೂತು ಎರಡು ಮಾತಾಡಿದರೆ ತಾನು ಅಂದು ಹೇಳಿದ್ದ ಸುಳ್ಳು ಹೆಣದ ಮುಂದೆಯೇ ಬಯಲಾಗುತ್ತಿತ್ತು.

*

ಇಬ್ಬರಿಗೂ ಸ್ಟ್ರೋಕ್ ಆದಾಗ ಆಸ್ಪತ್ರೆಯಲ್ಲಿ ಆ ಮೇಡಂ ಅವರದೊಂದು ಸಂಶೋಧನೆ ನಡೆಯುತ್ತಿತ್ತು. ಸ್ಟ್ರೋಕ್ ಆಗಿ ಒಂದು ಕೈ ಸೋತವರಲ್ಲಿ ಅರ್ಧ ಜನಕ್ಕೆ ಸರಿಯಿದ್ದ ಇನ್ನೊಂದು ಕೈಯನ್ನು ದಪ್ಪ ಚೀಲದೊಳಗೆ ಹಾಕಿ ಕಟ್ಟಿಬಿಡುವುದು. ಬೇರೆ ಗತಿಯಿಲ್ಲದೆ ಸೋತ ಕೈಯೇ ದುಡಿಯಬೇಕು. ಉಳಿದ ಅರ್ಧ ಜನಕ್ಕೆ ಬರೀ ವ್ಯಾಯಾಮ. ಯಾವುದರಿಂದ ಕೈ ಚೆನ್ನಾಗಿ ಮರಳುತ್ತದೆ ಎಂದು ನೋಡುವುದು. ಯಾರು ಯಾವ ಗುಂಪಿಗೆ ಎಂಬುದನ್ನು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಎತ್ತುತ್ತಿತ್ತು. ಡ್ರೈವರಿಗೆ ಕಟ್ಟುವ ಗುಂಪು ಬಂತು, ಬೇಕರಿಯವನಿಗೆ ಬರೀ ವ್ಯಾಯಾಮ.

ಹೆಂಡತಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ತನ್ನ ಗಂಡ ಕೇಕಿನ ಮೇಲೆ ಕ್ರೀಮಿನಲ್ಲಿ ಹೆಸರು ಬರೆಯುವವನು. ಸಂಜೆ ಹೊತ್ತು ಅವನ ಕೈ ನೋಡಲೆಂದೇ ಜನ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ಕಂಪ್ಯೂಟರಿಗೇನು ಗೊತ್ತು ಅದರ ಬೆಲೆ? ಮನೆಯಲ್ಲಿ ನಾವು ಹೇಳಿದಷ್ಟೇ ಮಾಡಿ ಎಂದು ಮೇಡಂ ಹೇಳಿದಾಗ ಆಯ್ತು ಎಂದು ತಲೆಯಾಡಿಸಿ ಬಂದವಳು, ಅದೇ ಮಧ್ಯಾಹ್ನ ಮೈದಾ ಚೀಲ ಕತ್ತರಿಸಿ ಗಂಡನ ಎಡಗೈಗೆ ಅಳತೆ ತೆಗೆದಳು.

ಮೊದಮೊದಲು ಅವನು ಬೈದ, ಅತ್ತ, ಊಟ ಬಿಟ್ಟ. ಆಮೇಲಾಮೇಲೆ ಬೆಳಗಾದರೆ ತಾನೇ ಎಡಗೈ ಚಾಚಿ, "ಬಾ ಇನ್ಸ್‌ಪೆಕ್ಟ್ರೇ, ಕೋಳ ಹಾಕು," ಎಂದು ತೊದಲುತ್ತಿದ್ದ. ಬಲಗೈಯಲ್ಲಿ ಕ್ರೀಮಿನ ಕೋನು ಹಿಡಿಯುವುದಕ್ಕೇ ಒಂದು ಯುಗವಾಯಿತು. ಮೊದಲ ಕೇಕಿನ ಮೇಲೆ ಅಕ್ಷರಗಳು ಕುಡಿದವರ ಹಾಗೆ ಒಂದರ ಮೈಮೇಲೊಂದು ಬಿದ್ದಿದ್ದವು. ಮಾರಲಾಗದ ಆ ಕೇಕುಗಳನ್ನು ಇಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂತು ತಿನ್ನುತ್ತ, ಏನು ಬರೆದಿದೆ ಹೇಳು ನೋಡೋಣ ಎಂದು ಅವನು ಕೇಳಿ, ಅವಳು ಬಾಯಿಗೆ ಬಂದದ್ದು ಹೇಳಿ, ಹೊಟ್ಟೆ ಹಿಡಿದು ನಗುತ್ತಿದ್ದರು. ಅಂಥ ಸಂತೋಷ ಅವಳಿಗೆ ಮದುವೆಯಾದ ಹೊಸದರಲ್ಲೂ ಸಿಕ್ಕಿರಲಿಲ್ಲ. ಹೇಳಿದರೆ ಯಾರು ನಂಬುತ್ತಾರೆ?

ಅಕ್ಕ ಬಂದದ್ದು ಆ ನಗುವಿಗಿಂತ ಮುಂಚಿನ ದಿನಗಳಲ್ಲಿ. ಮುನ್ಸೂಚನೆ ಇಲ್ಲದೆ ಒಳಗೆ ಬಂದವಳ ಕಣ್ಣಿಗೆ ಬಿದ್ದದ್ದು ಚೀಲದೊಳಗೆ ಕಟ್ಟಿದ್ದ ತಮ್ಮನ ಎಡಗೈ, ತಟ್ಟೆಯಲ್ಲಿ ಬ್ರೆಡ್ಡಿನ ಚೂರೊಂದನ್ನು ಹಿಡಿಯಲಾಗದೆ ಒದ್ದಾಡುತ್ತಿದ್ದ ಬಲಗೈ, ಮತ್ತು ಎದುರಿಗೆ ಸುಮ್ಮನೆ ಕೂತಿದ್ದ ಅವನ ಹೆಂಡತಿ. ಅಕ್ಕ ತಟ್ಟೆಗೆ ಕೈಹಾಕಿದಳು. ಹೆಂಡತಿ ತಟ್ಟೆಯನ್ನು ದೂರ ಎಳೆದಳು. ಪ್ರಾಣಿಗೂ ಹೀಗೆ ಮಾಡುವುದಿಲ್ಲ, ಯಾರು ಹೇಳಿಕೊಟ್ಟರು ನಿನಗೆ, ಎಂದು ಅಕ್ಕ ಕೇಳಿದಾಗ, ಆಸ್ಪತ್ರೆಯವರೇ ಹೇಳಿದ್ದು ಎಂದುಬಿಟ್ಟಳು. ಅವನೂ ಹೌದೆಂದು ತಲೆಯಾಡಿಸಿದ. ಆಸ್ಪತ್ರೆಯವರಿಗೆ ಕರುಣೆ ಇಲ್ಲದಿದ್ದರೆ ಹಾಳಾಗಲಿ, ಹೆಂಡತಿಗಾದರೂ ಇರಬೇಡವೇ ಎಂದು ಅಕ್ಕ ಹೊರಟವಳು, ಮತ್ತೆ ಒಳಗೆ ಬರಲಿಲ್ಲ.

*

ಒಳಗೆ ಬಂದ ಮೇಡಂ ತಲೆ ಈಗ ಪೂರ್ತಿ ಬೆಳ್ಳಗಾಗಿತ್ತು. ಸತ್ತವನ ಬಲಗೈಯನ್ನು ಒಮ್ಮೆ ಹಿಡಿದು, ಅಭ್ಯಾಸಬಲದಿಂದ ಬೆರಳುಗಳನ್ನು ನೀವಿ, ಖಾಲಿಯಿದ್ದ ಒಂದೇ ಜಾಗದಲ್ಲಿ, ಅಂದರೆ ಅಕ್ಕನ ಪಕ್ಕದಲ್ಲಿ ಕೂತರು. ಅಕ್ಕ ಅವರನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು.

"ನನ್ನ ತಮ್ಮನ ಕೈ ಕಟ್ಟಿಸಿದ್ದು ನೀವೇ ಅಲ್ವಾ?"

"ಇಲ್ಲಮ್ಮ, ಅವರು ಕಟ್ಟದೇ ಇದ್ದ ಗುಂಪು," ಎಂದರು ಮೇಡಂ. "ಆ ಗುಂಪಲ್ಲಿ ಯಾರಿಗೂ ಕೈ ಇಷ್ಟು ಚೆನ್ನಾಗಿ ಬರ್ಲಿಲ್ಲ. ಇವರಿಗೊಬ್ಬರಿಗೆ ಹೇಗೆ ಬಂತು ಅಂತ ನಮಗೆ ಕೊನೆವರೆಗೂ ತಿಳೀಲಿಲ್ಲ."

ಅಕ್ಕನ ಕಣ್ಣು ಮಂಚದ ಆ ತುದಿಗೆ ಹೋಯಿತು. ಹೆಂಡತಿ ಸುಮ್ಮನಿರಬಹುದಿತ್ತು. ಮರೆತಿದ್ದೀರಿ ಮೇಡಂ ಎಂದು ತೇಲಿಸಿಬಿಡಬಹುದಿತ್ತು. ಆದರೆ ಅಂದು ತಲೆಯಾಡಿಸಿ ಜೊತೆ ಕೊಟ್ಟವನು ಇವತ್ತು ಇರಲಿಲ್ಲ. ಸುಳ್ಳನ್ನು ಒಬ್ಬಳೇ ಹೊರುವುದು ಅವಳಿಗೆ ಬೇಡವಾಯಿತು.

"ನಾನೇ ಕಟ್ಟಿದ್ದು. ಯಾರೂ ಹೇಳಿರ್ಲಿಲ್ಲ. ಮೇಡಂ, ನಿಮಗೂ ಮುಚ್ಚಿಟ್ಟೆ."

ಮೊದಲು ಬಾಯಿಬಿಟ್ಟವನು ಡ್ರೈವರ್. ತನ್ನದು ಕಟ್ಟುವ ಗುಂಪೇ ಆದರೂ, ಮನೆ ಸೇರಿದ ತಕ್ಷಣ ತನ್ನ ಹೆಂಡತಿ ಪಾಪ ಅಂತ ಬಿಚ್ಚಿ, ತಾನೇ ತುತ್ತು ಮಾಡಿ ಹಾಕುತ್ತಿದ್ದಳು ಎಂದ. ತೊಡೆಯ ಮೇಲೆ ಬಿದ್ದಿದ್ದ ತನ್ನ ಬಲಗೈಯನ್ನು ನೋಡಿಕೊಂಡ. "ಬಲು ಒಳ್ಳೆಯವಳು," ಎಂದ.

ಮೇಡಂ ನಗಬೇಕೋ ಅಳಬೇಕೋ ತಿಳಿಯದೆ ಹಣೆ ಹಿಡಿದುಕೊಂಡರು. ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು ವರದಿ ಬರೆದು ಮುಗಿಸಿದ್ದರಂತೆ. ಇನ್ನೆಷ್ಟು ಮನೆಗಳಲ್ಲಿ ಎಷ್ಟು ಹೆಂಡತಿಯರು ಕಟ್ಟಿದರೋ, ಎಷ್ಟು ಜನ ಬಿಚ್ಚಿದರೋ ಎಂದು ನಿಟ್ಟುಸಿರಿಟ್ಟರು.

ಅಕ್ಕನಿಗೆ ಸಂಶೋಧನೆ ಬೇಕಿರಲಿಲ್ಲ.

"ಅವನು ಅಳ್ತಾ ಇದ್ದ, ನಾನೇ ಕಣ್ಣಾರೆ ನೋಡಿದೆ. ನೀನು ಎದುರಿಗೆ ಬೊಂಬೆ ಥರ ಕೂತಿದ್ದೆ. ಹೇಗೆ ಕೂತಿದ್ದೆ ಹೇಳು?"

"ಕೈ ತೊಡೆ ಕೆಳಗೆ ಒತ್ತಿಟ್ಕೊಂಡು ಕೂತಿರ್ತಿದ್ದೆ ಅಕ್ಕ," ಎಂದಳು ಹೆಂಡತಿ. "ಇಲ್ದಿದ್ರೆ ನಾನೇ ತಿನ್ನಿಸಿಬಿಡ್ತಿದ್ದೆ. ಅವರ ಹೊಟ್ಟೆ ತುಂಬೋ ತನಕ ನಾನೂ ಮುಟ್ತಿರ್ಲಿಲ್ಲ. ಎಷ್ಟೋ ದಿನ ಇಬ್ರೂ ಹಸ್ಕೊಂಡೇ ಮಲಗಿದ್ದೀವಿ."

ಅಕ್ಕ ತಮ್ಮನ ಮುಖವನ್ನೇ ನೋಡುತ್ತ ಕೂತಳು. ಇಷ್ಟು ವರ್ಷ ಕಪಾಟಿನ ಆಚೆಯಿಂದ ಹರಟಿದ್ದೆಲ್ಲ ಅವಳಿಗೆ ನೆನಪಾಗುತ್ತಿತ್ತೋ ಏನೋ. ಆ ಹೊತ್ತೆಲ್ಲ ಅವನು ಬಲಗೈಯಲ್ಲೇ ಕೇಕಿನ ಮೇಲೆ ಹೆಸರು ಬರೆಯುತ್ತಿದ್ದ.

ಹೊರಗೆ ಶವ ಸಾಗಿಸುವ ಗಾಡಿ ಬಂದು ನಿಂತಿತು. ನಾಲ್ವರು ಒಳಗೆ ಬಂದು ಮಂಚದ ಮೂಲೆಗಳಿಗೆ ನಿಂತರು. ಹೆಂಡತಿ ಏಳಲು ಹೋಗಿ ಹಾಗೇ ಕುಸಿದು ಕೂತಳು.

"ನಿನ್ನೆಯಿಂದ ಹೊಟ್ಟೆಗೇನಾದ್ರೂ ಹಾಕ್ಕೊಂಡ್ಯಾ?" ಎಂದಳು ಅಕ್ಕ. "ಸ್ವಲ್ಪ ತಡೀರಪ್ಪ," ಎಂದು ಆ ನಾಲ್ವರಿಗೆ ಹೇಳಿ ಎದ್ದು ಅಡುಗೆಮನೆಗೆ ಹೋದಳು. ಯಾವುದು ಎಲ್ಲಿದೆ ಎಂದು ಗೊತ್ತಿಲ್ಲದ ಮನೆ. ಬೇಡದ ಡಬ್ಬಿಗಳ ಮುಚ್ಚಳವೆಲ್ಲ ತೆಗೆದು ಮುಚ್ಚಿದ ಸದ್ದು ಕೇಳಿಸಿತು. ಕೊನೆಗೆ ಒಂದು ಲೋಟ ಹಾಲು, ಒಂದು ಬನ್ನು ಹಿಡಿದು ಬಂದು ಹೆಂಡತಿಯ ಎದುರಿಗೆ ನೆಲದ ಮೇಲೆ ಕೂತಳು.

ಹೆಂಡತಿ ಲೋಟಕ್ಕೆ ಕೈ ಚಾಚಿದಳು. ಅಕ್ಕ ಕೊಡಲಿಲ್ಲ. ಬನ್ನು ಮುರಿದು, ಹಾಲಿನಲ್ಲಿ ಅದ್ದಿ, ಮೊದಲ ತುತ್ತನ್ನು ಅವಳ ತುಟಿಯ ಹತ್ತಿರ ಹಿಡಿದಳು. ಚಾಚಿದ ಕೈಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿ ಹೆಂಡತಿ ಬಾಯಿ ತೆರೆದಳು.

ಮಂಚ ಹಿಡಿಯಲು ಬಗ್ಗಿದ್ದ ನಾಲ್ವರೂ ನೆಟ್ಟಗಾದರು. ಹೊರಗೆ ಗಾಡಿಯವನು ಇಂಜಿನ್ ಆರಿಸಿದ.