ಬುಧವಾರ ಎಷ್ಟು ಗಂಟೆ?

ಮನೆ ಮನೆ ತಿರುಗಿ ಯಾರಿಗೆ ಕೆಲಸವಿದೆ, ಯಾರಿಗಿಲ್ಲ ಎಂದು ಸರ್ಕಾರಕ್ಕೆ ಬರೆದುಕೊಡುವುದು ನನ್ನ ಉದ್ಯೋಗ. ದೇಶದ ನಿರುದ್ಯೋಗದ ಅಂಕಿ ಪೇಪರಿನಲ್ಲಿ ಬರುವುದು ನನ್ನಂಥವರ ಚಪ್ಪಲಿ ಸವೆದ ಮೇಲೆಯೇ. ಜನ ಹೇಳಿದ್ದನ್ನು ಬರೆದುಕೊಂಡು ಎದ್ದು ಬರಬೇಕು, ಅವರ ಸಂಸಾರದಲ್ಲಿ ಮೂಗು ತೂರಿಸಬಾರದು. ಇದು ನನಗೆ ಚೆನ್ನಾಗಿ ಗೊತ್ತು.

ಆ ಬೆಳಿಗ್ಗೆ ಹೋದ ಮನೆಯಲ್ಲಿ ಹೆಂಡತಿಯೇ ಪಟಪಟನೆ ಉತ್ತರ ಕೊಡುತ್ತಿದ್ದಳು. ಗಂಡ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ.

“ಇವ್ರು ಬಾಟಲಿ ಫ್ಯಾಕ್ಟರೀಲಿ. ಹನ್ನೆರಡು ವರ್ಷ ಆಯ್ತು. ನಾನು ಆಸ್ಪತ್ರೆ ಲಾಂಡ್ರೀಲಿ. ಇವತ್ತೇ ಕೊನೆ, ನೋಡಿ.” ಚೀಲದಿಂದ ಲಕೋಟೆ ತೆಗೆದು ತೋರಿಸಿದಳು. “ರಾಜೀನಾಮೆ. ಆ ಹಬೇಲಿ ನಿಂತು ನಿಂತು ಸಾಕಾಗಿದೆ. ಇವ್ರ ಸಂಬಳ ಇದ್ಯಲ್ಲ.”

ನನ್ನ ಪೆನ್ನು ನಿಂತಿತು. ಊರಾಚೆಯ ಆ ಫ್ಯಾಕ್ಟರಿಯ ಗೇಟಿಗೆ ಬೀಗ ಬಿದ್ದು ಎರಡು ತಿಂಗಳಾಗಿತ್ತು. ಹೋದ ವಾರ ಅದರ ಎದುರಿನ ಬೀದಿಯಲ್ಲೇ ಏಳು ಮನೆಯವರ ಗೋಳು ಬರೆದುಕೊಂಡಿದ್ದೆ.

ಗಂಡನ ಕಡೆ ನೋಡಿದೆ. ಅವನು ಕಣ್ಣಲ್ಲೇ ಬೇಡಿಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು. ಮಹಾನುಭಾವ, ಮನೆಗೆ ಉಳಿದಿರುವ ಒಂದೇ ಸಂಬಳವೂ ಆ ಲಕೋಟೆಯಲ್ಲಿ ಹೊರಟಿದೆ, ಬಾಯಿ ಹೊಲಿದುಕೊಂಡು ಕೂತಿದ್ದೀಯಲ್ಲ!

“ವಾರಕ್ಕೆ ನಲವತ್ತೆಂಟು ಗಂಟೆ ಅಂತ ಬರ್ಕೊಳ್ಳಿ,” ಎಂದಳು ಹೆಂಡತಿ.

“ಹಾಗಾಗಲ್ಲಮ್ಮಾ. ಯಜಮಾನ್ರು ಎದುರಿಗೇ ಇದಾರೆ, ಅವ್ರೇ ಹೇಳ್ಬೇಕು. ಒಂದೊಂದು ದಿನಾನೂ ಬೇರೆ ಬೇರೆ.” ನಿಯಮವೇನೋ ನಿಜ. ಆದರೆ ಹತ್ತು ಮನೆ ಮುಗಿಸುವ ಅವಸರದಲ್ಲಿ ಅದನ್ನು ಪಾಲಿಸುವವರು ಯಾರೂ ಇಲ್ಲ, ನಾನೂ ಪಾಲಿಸುವುದಿಲ್ಲ.

“ಸೋಮವಾರ ಎಷ್ಟು ಗಂಟೆ ಕೆಲಸ ಮಾಡಿದ್ರಿ?”

“ಎಂಟು.”

ಬರೆದೆ. “ಮಂಗಳವಾರ?”

“ಎಂಟು.” ದನಿ ಇಳಿದಿತ್ತು.

“ಬೇಗ ಹೇಳ್ರೀ, ನಂಗೆ ಹೊತ್ತಾಯ್ತು. ಮ್ಯಾನೇಜರ್ ಬಂದ ತಕ್ಷಣ ಇದನ್ನ ಕೊಟ್ಬಿಡ್ಬೇಕು,” ಎಂದು ಹೆಂಡತಿ ಲಕೋಟೆ ಆಡಿಸಿದಳು.

“ಬುಧವಾರ?”

ಡಬ್ಬಿಯ ಮುಚ್ಚಳ ಅವನ ಬೆರಳಡಿ ಕಟಕಟ ಎನ್ನುತ್ತಿತ್ತು.

“ಬುಧವಾರ ಎಷ್ಟು ಗಂಟೆ, ಸ್ವಾಮಿ?”

“ಸೊನ್ನೆ.”

“ಬುಧವಾರ ರಜಾ ಇತ್ತಾ?” ಹೆಂಡತಿ ನಕ್ಕಳು.

“ಸೋಮವಾರಾನೂ ಸೊನ್ನೆ ಕಣೇ. ಫ್ಯಾಕ್ಟರಿ ಮುಚ್ಚಿ ಎರಡು ತಿಂಗಳಾಯ್ತು. ಸಾಲ ಮಾಡಿ ಸಂಬಳ ಅಂತ ತಂದ್ಕೊಡ್ತಿದ್ದೆ.”

ಅವಳು ಕೂಗಾಡುತ್ತಾಳೆ ಅಂದುಕೊಂಡೆ. ನನ್ನ ಅಧಿಕಪ್ರಸಂಗಕ್ಕೆ ನನಗೇ ಹೆದರಿಕೆಯಾಯಿತು. ಅವಳು ಲಕೋಟೆಯನ್ನು ನಾಲ್ಕು ಚೂರು ಮಾಡಿ ಚೀಲಕ್ಕೆ ತುರುಕಿದಳು, ಚಪ್ಪಲಿ ಮೆಟ್ಟಿಕೊಂಡಳು. ಹೊಸ್ತಿಲಲ್ಲಿ ನಿಂತು ಅವನ ತೊಡೆಯ ಮೇಲಿನ ಡಬ್ಬಿಯನ್ನೇ ನೋಡಿದಳು.

“ದಿನಾ ಇದನ್ನ ಎಲ್ಲಿ ಕೂತು ತಿಂತಿದ್ರಿ?”

“ಬಸ್ ಸ್ಟ್ಯಾಂಡಲ್ಲಿ.”

“ಇವತ್ತು ಮನೇಲೇ ತಿನ್ನಿ,” ಎಂದು ಹೇಳಿ ಕೆಲಸಕ್ಕೆ ಹೋದಳು.