ಸುಂದರಿ ತಟ್ಟಿ ನೋಡಿದ ಕಾರು

ಮುಂಬೈ ಕಡೆ ಗುಜರಿಗೆ ಭಂಗಾರ ಎನ್ನುತ್ತಾರೆ. ನಮ್ಮ ಕರಾವಳಿಯವರ ಬಾಯಲ್ಲಿ ಅದು ಬಂಗಾರವೇ ಆಗಿಬಿಡುತ್ತದೆ. "ಈ ಕಾರು ಇನ್ನು ಬಂಗಾರಕ್ಕೇ" ಎಂದು ಪೂವಪ್ಪ ಹೇಳಿದಾಗ ಹೆಂಡತಿ ಸುಂದರಿಗೆ ಮಾತ್ರ ನಗು ಬರಲಿಲ್ಲ.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಅವರದೊಂದು ಸಣ್ಣ ಹೋಟೆಲು. ದುಡ್ಡಿನ ಗಲ್ಲೆಯಲ್ಲಿ ಗಂಡ, ದೋಸೆ ಕಾವಲಿಯ ಮುಂದೆ ಹೆಂಡತಿ. ನಲವತ್ತೇಳನೇ ವಯಸ್ಸಿನಲ್ಲಿ ಹಟ ಹಿಡಿದು ಡ್ರೈವಿಂಗ್ ಕಲಿತವಳು ಸುಂದರಿ. ಈ ಕಾರು ಹೋದರೆ ಪೂವಪ್ಪ ಇನ್ನೊಂದನ್ನು ಕೊಳ್ಳುವ ಪೈಕಿಯಲ್ಲ. ಅವಳು ಪುನಃ ಅವನ ಸ್ಕೂಟರಿನ ಹಿಂದಿನ ಸೀಟಿಗೆ.

ಕಾರಿಗೆ ಹದಿನೈದು ವರ್ಷ ತುಂಬುವುದರಲ್ಲಿತ್ತು. ಆರ್‌ಟಿಓದಲ್ಲಿ ಮತ್ತೆ ಪಾಸಾಗಬೇಕು. ಡ್ರೈವರ್ ಕಾಲಿಡುವಲ್ಲೇ ತುಕ್ಕು ತಿಂದು ರಸ್ತೆ ಕಾಣುತ್ತಿತ್ತು. ಮೆಕ್ಯಾನಿಕ್ ಶಂಕ್ರೆಪ್ಪ ನಿಂತಲ್ಲಿಂದಲೇ, "ನೆಲಾನೇ ಇಲ್ರೀ ಅಣ್ಣಾರ, ಮಾರಿಬಿಡ್ರಿ" ಎಂದು ತೀರ್ಪು ಕೊಟ್ಟ.

"ಕುಣಿಯಲಿಕ್ಕೆ ಬಾರದವ ನೆಲ ಡೊಂಕು ಅಂದನಂತೆ," ಎಂದಳು ಸುಂದರಿ. "ನಾನೇ ರಿಪೇರಿ ಮಾಡಿದರೆ ಹೇಗೆ?"

"ನಿನಗೆಂತ ಮರ್ಲಾ ಮಾರಾಯ್ತಿ? ಇದೆಂತ ದೋಸೆಯಾ?" ಹುಚ್ಚು ಹಿಡಿದವಳನ್ನು ನೋಡುವಂತೆ ನೋಡಿದ ಪೂವಪ್ಪ.

ಅವಳು ಒಳಗಿನಿಂದ ಕಬ್ಬಿಣದ ಸಟ್ಟುಗ ತಂದಳು. ಕಾವಲಿ ಕೊಳ್ಳುವಾಗ ತಟ್ಟಿ ಕೇಳುವುದು ಅವಳ ಕ್ರಮ: ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಹಾಳಾದದ್ದು ಬರೀ ದಡ್. ಕಾರಿನಡಿ ಚಾಪೆ ಹಾಸಿ ಮಲಗಿ ಮುಂದಿನಿಂದ ಹಿಂದಿನವರೆಗೆ ತಟ್ಟಿದಳು. ಬಲಗಡೆ ಒಂದು ಮೊಳದಷ್ಟು ದಡ್. ಉಳಿದದ್ದೆಲ್ಲ ಠಣ್. ಇಷ್ಟಕ್ಕೆ ಕಾರು ಬಿಡುವುದಾದರೆ ತನ್ನ ಹೆಸರು ಸುಂದರಿಯಲ್ಲ ಎಂದುಕೊಂಡಳು.

ಮುಂದೆ ಮೂರು ವಾರ, ಗಿರಾಕಿಗಳಿಲ್ಲದ ಮಧ್ಯಾಹ್ನಗಳೆಲ್ಲ ಕಾರಿಗೇ. ತುಕ್ಕು ಉಜ್ಜಿದಳು, ಕೊಳೆತ ತಗಡು ಕತ್ತರಿಸಿದಳು. ಕಾರ್ಖಾನೆಗಳಿರುವ ವಾಗ್ಳೆ ಎಸ್ಟೇಟಿನಿಂದ ತಂದ ಹೊಸ ತಗಡನ್ನು ಅಳತೆ ತಪ್ಪಿ ಕತ್ತರಿಸಿ, ಅತ್ತು, ಇನ್ನೊಂದು ತಂದು ರಿವೆಟ್ ಹೊಡೆದು ತುಕ್ಕು ತಡೆಯುವ ಕೆಂಪು ಬಣ್ಣ ಬಳಿದಳು. ಪೂವಪ್ಪ ಗಲ್ಲೆಯಿಂದಲೇ ನೋಡುತ್ತಿದ್ದ.

ಆರ್‌ಟಿಓದ ಇನ್ಸ್‌ಪೆಕ್ಟರ್ ಬಗ್ಗಿ ಟಾರ್ಚ್ ಹಾಕಿದ, ಸ್ಕ್ರೂಡ್ರೈವರಿನಿಂದ ತಗಡನ್ನು ಒತ್ತಿ ಒತ್ತಿ ನೋಡಿದ. ಯಾವ ಗ್ಯಾರೇಜಿನ ಕೆಲಸ ಇದು ಎಂದು ಅವನು ಮರಾಠಿಯಲ್ಲಿ ಕೇಳಿದ್ದು ಪೂವಪ್ಪನನ್ನು.

"ಗ್ಯಾರೇಜ್ ನಾಹೀ, ಸಾಹೇಬ್," ಪೂವಪ್ಪ ಹೆಂಡತಿಯತ್ತ ಕೈ ತೋರಿಸಿದ. "ಹಿನೇ ಕೇಲಂ."

ಇವಳೇ ಮಾಡಿದ್ದು. ಮದುವೆಯಾದ ಮೂವತ್ತು ವರ್ಷದಲ್ಲಿ ನಾಲ್ಕು ಜನರ ಮುಂದೆ ಅವನು ಹಾಗೆ ಹೇಳಿದ್ದು ಅದೇ ಮೊದಲು. ಇನ್ಸ್‌ಪೆಕ್ಟರ್ ಅವಳನ್ನೊಮ್ಮೆ ನೋಡಿ ಕಾಗದಕ್ಕೆ ಸಹಿ ಹಾಕಿದ. ಸುಂದರಿಗೆ ಸಂತೋಷದಿಂದ ಕಣ್ಣು ತುಂಬಿತು.

ಕಾರಿನ ಕೀ ಪೂವಪ್ಪನ ಕಿಸೆಯಲ್ಲಿತ್ತು. ಅವಳು ಕೇಳುವ ಮೊದಲೇ ತೆಗೆದು ಅವಳ ಅಂಗೈಯಲ್ಲಿಟ್ಟು, ತಾನು ಹೋಗಿ ಎಡಗಡೆ ಸೀಟಿನಲ್ಲಿ ಕುಳಿತ.