ಸಾತವ್ವ ಮುಚ್ಚಿಟ್ಟ ಹಾವು

ಮಡಕೆ ಸುಡುವ ಭಟ್ಟಿಯ ಹಿಂದೆ ಬೋರಲು ಹಾಕಿದ ಗಡಿಗೆಯ ಮೇಲಿನ ಇಟ್ಟಿಗೆಗೆ ಯಲ್ಲಾರಿ ಕೈ ಹಾಕಿದ್ದೇ ತಡ, ಅಣ್ಣ ಲಗಮಪ್ಪ ಅವನ ಕೈಯಿಂದ ಬಡಿಗೆ ಕಸಿದುಕೊಂಡ.

"ಸರಿ ಅತ್ತಾಗ. ನನ್ನ ಹೇಣ್ತೀನ ತಿಂದ ಹಾವು ಇದು. ನಾನ ಹೊಡೀತೇನಿ."

ಅಂಗಳದಲ್ಲಿ ಹೆಂಗಸರು ಸಾತವ್ವನ ಹೆಣಕ್ಕೆ ಅರಿಷಿಣ ಹಚ್ಚಿ ಹಸಿರು ಬಳೆ ತೊಡಿಸುತ್ತಿದ್ದರು. ನಿನ್ನೆ ಇದೇ ಹೊತ್ತಿಗೆ ಅವಳು ಈ ಭಟ್ಟಿಯ ಹಿಂದೆ ಹಸಿ ಮಣ್ಣಿನ ತಾಟು ಜೋಡಿಸುತ್ತಿದ್ದಳು. "ಬೊಟ್ಟಿಗೆ ಏನೋ ಚುಚ್ಚೇತಿ ನೋಡ್ರಿ" ಅಂದವಳು ಸೆರಗಿಗೆ ಕೈ ಒರೆಸಿಕೊಂಡು ರೊಟ್ಟಿ ಬಡಿದಳು, ಉಂಡಳು, ಮಲಗಿದಳು. ಬೆಳಗಾಗುವುದರೊಳಗೆ ರೆಪ್ಪೆ ಎತ್ತಲಾರದೆ ತೊದಲುತ್ತಿದ್ದಳು. ಗೋಕಾಕದ ದವಾಖಾನೆ ಮುಟ್ಟುವ ಮೊದಲೇ ಲಗಮಪ್ಪನ ತೊಡೆಯ ಮೇಲೆ ಉಸಿರು ನಿಂತಿತು. ಕಟ್ಟುಹಾವು ಕಚ್ಚಿದೆ ಎಂದರು ಡಾಕ್ಟರು. ತುಕ್ಕಾನಟ್ಟಿಗೆ ಹೆಣ ತಂದು ಮನೆಯೆಲ್ಲ ಹುಡುಕಿದಾಗ ಈ ಗಡಿಗೆ ಕಣ್ಣಿಗೆ ಬಿತ್ತು, ಒಳಗಿನಿಂದ ಬುಸುಗುಟ್ಟುವ ಸದ್ದು ಬರುತ್ತಿತ್ತು.

ಗಡಿಗೆ ಮುಚ್ಚಿದವಳು ಸಾತವ್ವನೇ. ಅಂದರೆ ಹಾವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಗಂಡನಿಗೆ ಒಂದು ಮಾತು ಯಾಕೆ ಹೇಳಲಿಲ್ಲ? ಬೆಳಗಿನಿಂದ ಲಗಮಪ್ಪನ ಕಣ್ಣಲ್ಲಿ ಹನಿ ನೀರಿಲ್ಲ, ಇದೊಂದೇ ಪ್ರಶ್ನೆ ಎದೆಗೆ ಗುದ್ದುತ್ತಿತ್ತು.

* * *

ಮಣ್ಣಿನ ಕೊಡ, ಹರವಿಗಳನ್ನು ಕೇಳುವವರಿಲ್ಲದೆ ಮಡಕೆ ಮಾಡುವ ತಿಗರಿ ಮೂಲೆ ಸೇರಿದ್ದಾಗ, ತಾಟು ಬಟ್ಟಲುಗಳ ಮೇಲೆ ತೋಳ, ನರಿ, ಹಾವು ಬರೆಯಲು ಸಾತವ್ವನನ್ನು ಹಚ್ಚಿದವನು ಹುಕ್ಕೇರಿಯ ಸಾಲಿ ಮಾಸ್ತರ ಸ್ವಪ್ನಿಲ್. ಗೋಕಾಕ ಫಾಲ್ಸ್ ನೋಡಲು ಬಂದವರು ಮುಗಿಬಿದ್ದು ಕೊಂಡರು. ಬಂದದ್ದರಲ್ಲಿ ಒಂದು ಪಾಲು ಸಾತವ್ವನಿಗೆ, ಇನ್ನೊಂದು ಪಾಲು ಕಾಡುಪ್ರಾಣಿ ಉಳಿಸುವ ಸ್ವಪ್ನಿಲನ ಗೆಳೆಯರಿಗೆ.

ಹೋದ ಮಳೆಗಾಲದಲ್ಲಿ ಅಂಗಳಕ್ಕೆ ಹಾವು ಬಂತೆಂದು ಅವಳು ಕೂಗಿದಳು. ಲಗಮಪ್ಪ ಸನಿಕೆ ತಂದವನೇ ಎರಡು ತುಂಡು ಮಾಡಿ, ಶಾಬಾಸ್ ಅನ್ನುತ್ತಾಳೆಂದು ಮೀಸೆ ತಿರುವಿ ನಿಂತ. ಪಾಪದ ತೋಳಹಾವು, ವಿಷವೇ ಇಲ್ಲದ್ದು.

"ಇದರ ಚಿತ್ರ ಮಾರಿ ಇದನ್ನ ಉಳಸಾಕತ್ತೇನಿ ನಾ. ನೀವು ಮನ್ಯಾಗ ಕೊಂದ್ರಿ" ಎಂದವಳು ಆ ಹೊತ್ತು ಉಣ್ಣಲಿಲ್ಲ.

* * *

ಬೈಕು ಬಂದು ನಿಂತಿತು.

"ಸಾತಕ್ಕಾ, ಎಲ್ಲಿ ಐತ್ರಿ ನಿಮ್ಮ ತೋಳಹಾವು?" ಎನ್ನುತ್ತ ಚೀಲ ಹಿಡಿದು ಬಂದ ಸ್ವಪ್ನಿಲ್ ಮಂದಿಯನ್ನು ಕಂಡು ತಬ್ಬಿಬ್ಬಾದ. ಅರಿಷಿಣ ಹಚ್ಚಿದ ಮುಖ ನೋಡಿದ. ಚೀಲ ಕೈಯಿಂದ ಜಾರಿತು.

ಯಲ್ಲಾರಿ ಅವನ ರಟ್ಟೆ ಹಿಡಿದು ಭಟ್ಟಿಯ ಹಿಂದಕ್ಕೆ ಕರೆತಂದು ನಡೆದದ್ದನ್ನು ಹೇಳಿದ.

"ನಿನ್ನೆ ಸಂಜಿಕ ಫೋನ್ ಮಾಡಿದ್ರಲ್ರೀ..." ಎಂದ ಸ್ವಪ್ನಿಲ್.

"ಏನಂದ್ಲು?" ಲಗಮಪ್ಪ ಗದರಿದ.

"ತೋಳಹಾವು ಬಂದೈತಿ, ಮುಚ್ಚಿಟ್ಟೇನಿ, ನಾಳೆ ಸಾಲಿ ಬಿಟ್ಟ ಮ್ಯಾಲೆ ಬಂದು ಒಯ್ರಿ ಅಂದ್ರು. ಬೊಟ್ಟಿಗೆ ಹಲ್ಲು ತಾಕೇತಿ ಅಂತ ನಕ್ರು. ತೋಳಹಾವಿಗೆ ವಿಷ ಇಲ್ಲ, ಏನೂ ಆಗೂದಿಲ್ಲ ಅಂದೆ ನಾ. ಕಟ್ಟುಹಾವಿಗೂ ಹಂಗ ಬಿಳಿ ಪಟ್ಟಿ ಇರ್ತಾವ್ರಿ. ಮಬ್ಬಿನ್ಯಾಗ ಅಕ್ಕಾಗ ಗುರ್ತ ಸಿಕ್ಕಿಲ್ಲ."

"ನನಗ್ಯಾಕ ಹೇಳಲಿಲ್ಲ?"

ಸ್ವಪ್ನಿಲ್ ತಲೆ ತಗ್ಗಿಸಿದ. "ನಮ್ಮನಿಯವ್ರಿಗೆ ಗೊತ್ತಾದ್ರ ಕೊಲ್ತಾರ ಅಂದ್ರು."

ಲಗಮಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು. ಹಾವನ್ನು ಮುಚ್ಚಿಟ್ಟದ್ದು ತನ್ನ ಕಣ್ಣಿಗೆ ಬೀಳದಿರಲೆಂದು. ಇಷ್ಟು ವರ್ಷ ಒಂದೇ ತಾಟಿನಲ್ಲಿ ಉಂಡ ಹೆಂಡತಿ ತನಗೆ ಹೆದರಿದ್ದಳು. ಸಂಕಟ ಸಿಟ್ಟಾಗಿ ನೆತ್ತಿಗೇರಿತು.

"ನನಕಿಂತ ಈ ಹಾವ ಹೆಚ್ಚಾತೇನ ಆಕಿಗೆ?" ಎಂದು ಚೀರಿ ಇಟ್ಟಿಗೆಯನ್ನು ಒದ್ದ. "ಯಲ್ಲಾರೀ, ಗಡಿಗಿ ಉರುಳಸು!"

ಯಲ್ಲಾರಿ ಉದ್ದನೆಯ ಕೋಲಿನಿಂದ ಗಡಿಗೆ ಉರುಳಿಸಿದ. ಕಟ್ಟುಹಾವು ಸುರುಳಿ ಸುತ್ತಿಕೊಂಡು, ತಲೆಯನ್ನು ತನ್ನ ಮೈಯೊಳಗೇ ಹುದುಗಿಸಿ ಬಿದ್ದಿತ್ತು. ಅದರ ಮಗ್ಗುಲಲ್ಲಿ ಒಂದು ಪುಟ್ಟ ಬಟ್ಟಲು, ಅದರಲ್ಲಿ ಅರ್ಧ ನೀರು. ಅಂಚಿನ ಮೇಲೆ ಸಾತವ್ವನ ಕೆಮ್ಮಣ್ಣಿನ ಬೆರಳ ಗುರುತು ಒಣಗಿತ್ತು.

"ನೀರ ಇಡಾಕ ಕೈ ಚಾಚ್ಯಾಳಲ್ಲೋ ಅಣ್ಣಾ," ಎಂದ ಯಲ್ಲಾರಿ.

ಎತ್ತಿದ ಬಡಿಗೆ ಎತ್ತಿದಲ್ಲೇ ಇತ್ತು. ಹಾವು ಮಿಸುಕಲಿಲ್ಲ.

"ಹೊತ್ತು ಮುಳಗಾಕತ್ತೇತಿ, ಹೆಣ ಎತ್ತೂಣೇನ್ರಿ?" ಅಂಗಳದಿಂದ ಯಾರೋ ಕೂಗಿದರು.

"ತಡೀರಿ," ಎಂದ ಲಗಮಪ್ಪ. ಬಡಿಗೆ ಕೆಳಗಿಟ್ಟ. ಗಡಿಗೆಯನ್ನು ತಾನೇ ಎತ್ತಿ, ಬಟ್ಟಲಿನ ನೀರು ತುಳುಕದ ಹಾಗೆ ಹಾವಿನ ಮೇಲೆ ಮೆಲ್ಲಗೆ ಮುಚ್ಚಿದ.

"ಮಾಸ್ತರ, ನಿಮ್ಮ ಚೀಲ ತರ್ರಿ."

ಸ್ವಪ್ನಿಲ್ ಅಂಗಳಕ್ಕೆ ಓಡಿದ. ಅವನು ಬರುವವರೆಗೆ ಲಗಮಪ್ಪ ಮಣ್ಣಿನಲ್ಲಿ ಮೊಣಕಾಲೂರಿ, ಯಾರೂ ಮುಟ್ಟದ ಹಾಗೆ ಗಡಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಅಳುತ್ತಿದ್ದ.